ಲಾಲಮ್ಮ ನಾಯಿ ಡಾಕ್ಟರಿಗೆ ತೋರಿಸಿದ್ದು

ಮೊಲೆಯಲ್ಲಿ ಏಳುವ ಕ್ಯಾನ್ಸರ್ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ. ಹೆಂಗಸಿನದೂ ಅಷ್ಟೆ, ಹೆಣ್ಣು ನಾಯಿಯದೂ ಅಷ್ಟೆ. ಇದೇನು ಗುಟ್ಟಲ್ಲ. ದವಾಖಾನೆಯ ಗೋಡೆಗೆ ಬರೆದು ಹಚ್ಚಿರುತ್ತಾರೆ, ನಾವು ಅದೇ ಗೋಡೆಗೆ ಬೆನ್ನು ಆನಿಸಿ ನಿಂತು ಮೊಬೈಲ್ ನೋಡುತ್ತೇವೆ.

ಶಹಾಪುರದ ಲಾಲಮ್ಮನಿಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ. ಅವಳಿಗೆ ಹೇಳಿದ್ದು ಬೇರೆ. ನೋಯದ ಗಂಟು ಹಾಲಿನ ಗಂಟು, ಚುಟಿಗಿ ಹಾಕಿದರೆ ಕರಗುತ್ತದೆ ಎಂದು ಹೇಳಿದವಳು ಅದೇ ಓಣಿಯ ಹನುಮಮ್ಮ. ಕೂಸಿನ ಹೊಟ್ಟೆ ಉಬ್ಬಿದರೆ, ಕರು ಮೇವು ಬಿಟ್ಟರೆ, ಮುದುಕರ ಮೊಣಕಾಲು ಬಾತರೆ ಜನ ಹನುಮಮ್ಮನನ್ನು ಕರೆಯುತ್ತಾರೆ. ಅವಳು ಕಬ್ಬಿಣದ ಕಡ್ಡಿಯನ್ನು ಒಲೆಯೊಳಗೆ ಕೆಂಪಗೆ ಕಾಯಿಸಿ, ಬ್ಯಾನಿ ಇರುವಲ್ಲಿ ಚುರ್ರೆಂದು ಮುಟ್ಟಿಸಿ ತೆಗೆಯುತ್ತಾಳೆ. ಅದೇ ಚುಟಿಗಿ. ಮೋಸಗಾತಿ ಅಲ್ಲ ಅವಳು. ತನ್ನ ಮಕ್ಕಳಿಗೂ ಅದನ್ನೇ ಹಾಕಿದವಳು.

ಲಾಲಮ್ಮ ಖಡಕ್ ರೊಟ್ಟಿ ಬಡಿಯುವವಳು. ಬೆಳಕು ಹರಿಯುವ ಹೊತ್ತಿಗೆ ಅವಳ ಮನೆಯಿಂದ ಏಳುವ ಟಪಟಪ ಸದ್ದು ಓಣಿಗೆಲ್ಲ ಗೊತ್ತು. ಬಸ್ ನಿಲ್ದಾಣದ ಹತ್ತಿರದ ಜಗದೇವಪ್ಪನ ಖಾನಾವಳಿಗೆ ರೊಟ್ಟಿ ಹೋಗುವುದು ಇವಳ ಮನೆಯಿಂದಲೇ. ಅಂಚು ಒಡೆಯದಂತೆ, ಹಪ್ಪಳದಷ್ಟು ತೆಳ್ಳಗೆ ಬಡಿಯುವ ಆ ಬಲಗೈಯ ಬಗಲಿನ ಹತ್ತಿರವೇ, ಮೊಲೆಯಲ್ಲಿ ಗಂಟು ಎದ್ದಿತು. ಸ್ನಾನ ಮಾಡುವಾಗ ಅಲಸಂದಿ ಕಾಳಿನಷ್ಟು ಗಟ್ಟಿ ಏನೋ ಬೆರಳಿಗೆ ಸಿಕ್ಕಿತು. ಒತ್ತಿದಳು. ನೋಯಲಿಲ್ಲ. ಸೀರೆ ಸುತ್ತಿಕೊಂಡು ಹೊರಬಂದು ಹಿಟ್ಟು ನಾದಿದಳು.

ಕಾಳು ಬೆಳೆದಾಗ ಹನುಮಮ್ಮನನ್ನು ಕರೆದು, ಬಾಗಿಲು ಹಾಕಿ, ಸೆರಗಿನ ತುದಿ ಕಚ್ಚಿಕೊಂಡು ಕೂತಳು.

"ಯಾರ ಮುಂದೂ ಅನಬ್ಯಾಡ ಮತ್ತ," ಅಂದಳು.

"ನಾ ಯಾಕ ಅನ್ಲೆವ್ವ. ಅಲುಗಬ್ಯಾಡ. ಅಲುಗಿದ್ರ ಅರ್ಧಾ ಹತ್ತತದ, ಅರ್ಧಾ ಬಿಡತದ," ಅಂದಳು ಹನುಮಮ್ಮ.

ಲಾಲಮ್ಮ ಅಲುಗಿದಳು. ಮೂರು ಕಲೆ ಉಳಿದವು, ಗಂಟೂ ಉಳಿಯಿತು. ತಾನು ಅಲುಗಿದ್ದರಿಂದಲೇ ಕರಗಲಿಲ್ಲ ಎಂದು ಅವಳು ನಂಬಿದಳು. ತಪ್ಪು ರೋಗದ್ದಲ್ಲ, ಕಡ್ಡಿಯದ್ದಲ್ಲ, ತನ್ನದು. ನಮ್ಮ ಹೆಣ್ಣುಮಕ್ಕಳಿಗೆ ಈ ಲೆಕ್ಕವನ್ನು ಎಷ್ಟು ಚೆನ್ನಾಗಿ ಕಲಿಸಿದ್ದೇವೆ ನೋಡಿ.

ಗಂಡ ಮರಿಲಿಂಗಪ್ಪನಿಗೆ ಇದೊಂದೂ ಗೊತ್ತಿಲ್ಲ. ಅವನು ಶಹಾಪುರ, ಸುರಪುರದ ನಡುವೆ ಟಂಟಂ ಎನ್ನುವ ಮೂರು ಗಾಲಿಯ ಗಾಡಿ ಓಡಿಸುತ್ತಾನೆ. ಕುಡಿಯುವವನಲ್ಲ, ಹೊಡೆಯುವವನಲ್ಲ. ಊರು ಒಳ್ಳೆಯವನು ಅನ್ನುತ್ತದೆ, ಅವನೂ ಹಾಗೇ ಅಂದುಕೊಂಡಿದ್ದಾನೆ. ಅವನ ಜೀವವೆಲ್ಲ ಬಿಜಲಿಯ ಮೇಲೆ. ಬಿಜಲಿ ಅಂದರೆ ಕಂದು ಬಣ್ಣದ ಹೆಣ್ಣು ನಾಯಿ. ಸುರಪುರ ಸ್ಟ್ಯಾಂಡಿನಲ್ಲಿ ಟಂಟಂ ಗಾಲಿಯ ಕೆಳಗೆ ಮುದುಡಿ ಮಲಗಿದ್ದ ಮರಿಯನ್ನು ಎತ್ತಿ ಅಂಗಿಯೊಳಗೆ ಹಾಕಿಕೊಂಡು ಬಂದಿದ್ದ. ಬೆಳೆದ ಮೇಲೆ ಅವನ ಎಡಗಡೆಯ ಸೀಟು ಅವಳದೇ ಆಯಿತು. ಗೊತ್ತಿಲ್ಲದೆ ಯಾರಾದರೂ ಅಲ್ಲಿ ಕೂತರೆ ಬೊಗಳುತ್ತಿರಲಿಲ್ಲ, ಸುಮ್ಮನೆ ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಕೂತವರೇ ನಾಚಿ ಹಿಂದಕ್ಕೆ ಹೋಗುತ್ತಿದ್ದರು.

"ಏನ್ ಮರಿಲಿಂಗಪ್ಪ, ನಿನ್ನ ಕಂಡಕ್ಟರ್ ಬಂದಾಳಿಲ್ಲ ಇವತ್ತ?" ಎಂದು ಪ್ಯಾಸೆಂಜರ್‌ಗಳು ಕೇಳುತ್ತಿದ್ದರು.

"ಬಂದಾಳ್ರಿ. ಟಿಕೀಟ್ ತಗೊಳ್ಳಾರದವ್ರನ್ನ ಕಡೀತಾಳ."

ಹಂಚು ಇಳಿಸುವ ಮುನ್ನ ಉಳಿದ ಹಿಟ್ಟಿನಿಂದ ಲಾಲಮ್ಮ ಒಂದು ದಪ್ಪ ರೊಟ್ಟಿ ಬಡಿಯುತ್ತಾಳೆ. ಕಡೀ ರೊಟ್ಟಿ ಬಿಜಲಿಯದು. ಒಂದು ಬೆಳಗ್ಗೆ ರೊಟ್ಟಿ ತಿಂದು ಅಡ್ಡ ಮಲಗಿದ ಬಿಜಲಿಯ ಹೊಟ್ಟೆಯ ಮೇಲೆ ಕೈ ಆಡಿಸುತ್ತಿದ್ದಾಗ, ಹಿಂದಿನ ಮೊಲೆಯ ಬುಡದಲ್ಲಿ ಲಾಲಮ್ಮನ ಬೆರಳು ನಿಂತುಬಿಟ್ಟಿತು. ಆ ಗಟ್ಟಿತನ ಬೆರಳಿಗೆ ಹೊಸದಲ್ಲ. ಅದು ತನ್ನ ಮೈಯಲ್ಲಿದ್ದದ್ದೇ.

ಇದನ್ನು ಮಾತ್ರ ಅವಳು ಗಂಡನಿಗೆ ಹೇಳಿದಳು. ಅಂದೇ ಹೇಳಿದಳು, ಅಂದೇ ಹನುಮಮ್ಮನನ್ನೂ ಕರೆದಳು. ಅವಳ ಮನಸ್ಸಿನಲ್ಲಿ ಒಂದು ಪಂಥ ಕೂತಿತ್ತು. ನನಗೆ ಸರಿಯಾಗಿ ಹತ್ತಲಿಲ್ಲ, ಬಿಜಲಿಗೆ ಸರಿಯಾಗಿ ಹತ್ತಲಿ. ಅವಳದು ಕರಗಿದರೆ ನನ್ನದೂ ಕರಗುತ್ತದೆ. ಮರಿಲಿಂಗಪ್ಪ ನಾಯಿಯ ಬಾಯಿ ಹಿಡಿದ. ಕಡ್ಡಿ ಮುಟ್ಟಿತು. ಬಿಜಲಿ ಒಮ್ಮೆ ಕುಂಯ್ ಅಂದಳು, ಕಚ್ಚಲಿಲ್ಲ, ಅಲುಗಲೂ ಇಲ್ಲ.

"ಇದರ ಧೈರ್ಯ ನೋಡು," ಅಂದಳು ಹನುಮಮ್ಮ, ಲಾಲಮ್ಮನ ಕಡೆ ನೋಡುತ್ತ.

ಅಂದಿನಿಂದ ಲಾಲಮ್ಮ ನಿಂತಲ್ಲಿ ನಿಲ್ಲಲಿಲ್ಲ. ಹಿಟ್ಟು ನಾದುತ್ತ ಎದ್ದುಹೋಗಿ ನಾಯಿಯ ಗಂಟು ಒತ್ತಿ ನೋಡುವಳು, ಕೈ ತೊಳೆದು ಬಂದು ಕೂರುವಳು, ಹಂಚಿನ ಮೇಲಿನ ರೊಟ್ಟಿ ಕರಿಯಾಗುವ ತನಕ ಅದರ ನೆನಪೇ ಇರುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ತನ್ನದನ್ನು ಒತ್ತಿ ನೋಡುವಳು. ಎರಡೂ ಸಣ್ಣವಾಗಲಿಲ್ಲ. ಬಿಜಲಿಯದು ನಿಂಬೆಹಣ್ಣಿನಷ್ಟಾಗಿ, ಚುಟಿಗಿ ಹಾಕಿದ ಕಡೆಯೇ ಚರ್ಮ ಒಡೆದು, ಟಂಟಂ ಸೀಟಿಗೆ ರಕ್ತ, ಕೀವು ಹತ್ತತೊಡಗಿತು.

ಈಗ ಮರಿಲಿಂಗಪ್ಪನ ಕಾಲಿಗೂ ಚಕ್ರ ಬಂತು. ಒಬ್ಬರು ಬೇವಿನೆಣ್ಣೆ ಅಂದರು, ತಂದ. ಇನ್ನೊಬ್ಬರು ಸುರಪುರದಲ್ಲಿ ಒಬ್ಬರು ಮುಲಾಮು ಕೊಡುತ್ತಾರೆ ಅಂದರು, ಪ್ಯಾಸೆಂಜರ್‌ಗಳನ್ನು ಇಳಿಸಿ ಅಲ್ಲಿಗೇ ಓಡಿದ. ಪ್ರತಿ ಬೆಳಗ್ಗೆ ಟಂಟಂ ಚಾಲೂ ಮಾಡುವ ಮುನ್ನ ಕುಕ್ಕರಗಾಲಲ್ಲಿ ಕೂತು ಬಿಜಲಿಯ ಗಂಟನ್ನು ಮೆಲ್ಲಗೆ ಬೆರಳಲ್ಲಿ ಅಳೆಯುತ್ತಿದ್ದ.

"ನಿನ್ನಿಗಿಂತ ದೊಡ್ಡದಾಗ್ಯಾದ ನೋಡು. ಇಲ್ಲಿ ಒತ್ತಿದ್ರ ಕಾಲು ಎಳಕೊಳ್ತಾಳ. ನೀ ನೋಡಿದೇನು?"

"ನೋಡೀನ್ರಿ," ಅನ್ನುತ್ತಿದ್ದಳು ಲಾಲಮ್ಮ, ಅವನ ಬೆರಳನ್ನೇ ನೋಡುತ್ತ. ಅಷ್ಟು ಮೆತ್ತಗೆ ಮುಟ್ಟುವುದು ಆ ಕೈಗೆ ಗೊತ್ತಿದೆ ಎಂದು ಅವಳಿಗೆ ಅಷ್ಟು ವರ್ಷ ಗೊತ್ತೇ ಇರಲಿಲ್ಲ.

ವಡಗೇರಾಕ್ಕೆ ಕೊಟ್ಟ ಮಗಳು ಪಂಚಶೀಲಾ ಫೋನ್ ಮಾಡಿದರೂ ಅದೇ ಮಾತು.

"ಯವ್ವಾ, ಬಿಜಲಿ ಉಂಡಾಳೇನಬೇ?"

"ಅರ್ಧಾ ರೊಟ್ಟಿ ತಿಂದಾಳ."

"ಅಪ್ಪಗ ಹೇಳು, ಫಿಕರ್ ಮಾಡಬ್ಯಾಡ ಅಂತ. ಅಂವ ಸೊರಗಿಬಿಡ್ತಾನ."

ಫೋನ್ ಇಟ್ಟಳು. ಸೊರಗುತ್ತಿದ್ದವಳು ಯಾರು ಎಂದು ಖಾನಾವಳಿಯ ಜಗದೇವಪ್ಪನಿಗೆ ಮಾತ್ರ ಸುಳಿವು ಸಿಕ್ಕಿತ್ತು, ಅವನಿಗೂ ಅದು ಬೇರೆ ರೀತಿಯಲ್ಲಿ ತಿಳಿಯಿತು.

"ಅಕ್ಕಾರ, ರೊಟ್ಟಿ ಒಂದ್ ಕಡಿ ದಪ್ಪ ಆಗಾಕತ್ಯಾವಲ್ರಿ. ಗಿರಾಕಿ ಅಂತಾರ, ಇದೇನು ರೊಟ್ಟಿಯೋ ಗ್ವಾಡಿಯೋ ಅಂತ."

"ಈ ಸಲ ಜ್ವಾಳ ಸರಿ ಇಲ್ರಿ," ಅಂದಳು.

ಜೋಳ ಸರಿಯಾಗೇ ಇತ್ತು. ಬಲಗೈ ಭಾರವಾಗಿ ಕೊನೆಯ ಸುತ್ತು ತಿರುಗುತ್ತಿರಲಿಲ್ಲ. ಮನೆಯೊಳಗೆ ಟಪಟಪ ಸದ್ದು ನಡುನಡುವೆ ನಿಲ್ಲುತ್ತಿತ್ತು. ಪಡಸಾಲೆಯಲ್ಲಿ ಕೂತು ನಾಯಿಯ ಉಸಿರು ಎಣಿಸುತ್ತಿದ್ದ ಮರಿಲಿಂಗಪ್ಪನಿಗೆ ಅದು ಕೇಳಲಿಲ್ಲ.

ಯಾದಗಿರಿಯಲ್ಲಿ ಸ್ಟೇಷನ್ ರಸ್ತೆಯ ಕಡೆ ನಾಯಿ, ಬೆಕ್ಕುಗಳನ್ನೇ ನೋಡುವ ಡಾಕ್ಟರ್ ಒಬ್ಬರಿದ್ದಾರೆ, ಹೆಸರು ಸುಮಂಗಲಾ ಎಂದು ಟಂಟಂನಲ್ಲಿ ಬಂದ ಮಾಸ್ತರರೊಬ್ಬರು ಹೇಳಿದರು. ಮರಿಲಿಂಗಪ್ಪ ಮರುದಿನವೇ ಬಿಜಲಿಯನ್ನು ಹತ್ತಿಸಿಕೊಂಡು ಹೊರಟ. ಲಾಲಮ್ಮ ಒಲೆ ಹಚ್ಚದೆ, ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು.

"ನೀ ಬಂದು ಏನ್ ಮಾಡ್ತಿ? ರೊಟ್ಟಿ?"

"ಇವತ್ತ ರೊಟ್ಟಿ ಇಲ್ರಿ. ನಾನೂ ಬರ್ತೀನಿ."

ಭೀಮಾ ಸೇತುವೆ ದಾಟುವಾಗ ಬಿಜಲಿ ಎಂದಿನಂತೆ ಗಾಳಿಗೆ ಮೂಗು ಚಾಚಲಿಲ್ಲ. ಲಾಲಮ್ಮನ ತೊಡೆಯ ಮೇಲೆ ತಲೆ ಇಟ್ಟಿದ್ದಳು.

ಡಾಕ್ಟರ್ ಸುಮಂಗಲಾ ಇನ್ನೂ ಸಣ್ಣ ವಯಸ್ಸಿನವಳು, ಸುರಪುರದ ಕಡೆಯ ಹುಡುಗಿ. ಕೈಗವಸು ಹಾಕಿಕೊಂಡು ಬಿಜಲಿಯ ಮೊಲೆಗಳನ್ನು ಒಂದೊಂದಾಗಿ ಒತ್ತಿ ನೋಡಿದಳು, ತೊಡೆಯ ಸಂದು ನೋಡಿದಳು. ಗಂಟಿನೊಳಗೆ ಸೂಜಿ ಚುಚ್ಚಿ ಒಂದಿಷ್ಟು ತೆಗೆದಳು, ತಪಾಸಣೆಗೆ ಕಳಿಸಬೇಕು ಅಂದಳು. ಎದೆಯ ಎಕ್ಸ್‌ರೇ ತೆಗೆದಳು. ಆಮೇಲೆ ಒಡೆದ ಚರ್ಮದ ಅಂಚಿನಲ್ಲಿ ಅವಳ ಬೆರಳು ನಿಂತಿತು.

"ಇವೇನ್ರಿ, ಸುಟ್ಟ ಕಲಿ?"

"ಚುಟಿಗಿ ಹಾಕ್ಸೀವ್ರಿ," ಅಂದ ಮರಿಲಿಂಗಪ್ಪ.

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಗಂಟ ಒಳಗದ್ರಿ, ಬೆಂಕಿ ಮ್ಯಾಲ ಇಟ್ಟೀರಿ. ಒಳಗಿಂದು ಹೆಂಗ ಹೋದೀತು? ಸುಮ್ನ ದಿನ ಹೋದ್ವು ನೋಡ್ರಿ," ಅಂದಳು.

ಲಾಲಮ್ಮ ಸೆರಗನ್ನು ಎಳೆದು ಬಿಗಿಯಾಗಿ ಹೊದ್ದುಕೊಂಡಳು.

ತಪಾಸಣೆಯ ಉತ್ತರ ಬರುವ ತನಕದ ಆ ದಿನಗಳು ಇಬ್ಬರಿಗೂ ಮುಳ್ಳಿನ ಮೇಲೆ ಕಳೆದವು. ಮರಿಲಿಂಗಪ್ಪ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರನ್ನು ಕೇಳಿದ. ಹೈದರಾಬಾದಿನಲ್ಲಿ ನಾಯಿಗಳಿಗೆ ಕ್ಯಾನ್ಸರ್ ಇಂಜೆಕ್ಷನ್ ಕೊಡುತ್ತಾರಂತೆ, ಬೀದರಿನ ಕಾಲೇಜಿನಲ್ಲಿ ಆಪರೇಷನ್ ಮಾಡುತ್ತಾರಂತೆ ಎಂದು ದಿನಕ್ಕೊಂದು ಸುದ್ದಿ ತಂದ. ಪಕ್ಕದ ಟಂಟಂನ ಶಿವಶರಣ ಬೀಡಿ ಎಸೆದು ನಕ್ಕ.

"ನಾಯಿಗಿ ಹೈದರಾಬಾದೇನೋ ಮಾರಾಯ? ನಮ್ಮವ್ವಗ ನಾ ಕಲಬುರಗಿ ಸೈತ ತೋರ್ಸಿಲ್ಲ."

ಸುತ್ತ ಇದ್ದವರು ನಕ್ಕರು. ಶಿವಶರಣ ಮಾತ್ರ ಅರ್ಧಕ್ಕೆ ನಗು ನಿಲ್ಲಿಸಿ, ಟಂಟಂ ಒರೆಸುವ ಅರಿವೆ ಹುಡುಕುತ್ತ ಆ ಕಡೆ ಹೋದ.

ಆ ಮಾತನ್ನು ಮನೆಗೆ ಬಂದು ಹೇಳಿದಾಗ ಲಾಲಮ್ಮ ನಗಲಿಲ್ಲ.

"ನಿಮಗ ಬಿಜಲಿ ಮ್ಯಾಲ ಭಾಳ ಜೀವ," ಅಂದಳು.

"ಮೂಕ ಜೀವ ಅಲ್ಲ? ಬಾಯಿಬಿಟ್ಟು ಹೇಳಾಕ ಬರ್ತದೇನು ಅದಕ್ಕ? ನಾವ ತಿಳ್ಕೋಬೇಕು."

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಬಿಜಲಿ ಕೆಮ್ಮಿದಳು. ಅವನು ಎದ್ದು ಹೋದ. ತೆರೆದ ಬಾಯಿ ಹಾಗೇ ಮುಚ್ಚಿತು. ಹೇಳಿದರೆ ಏನಾಗುತ್ತದೆ ಎಂದು ಅವಳು ಯೋಚಿಸಿಯೇ ಇದ್ದಳು. ಮಗಳ ಗಂಡನ ಮನೆಯಲ್ಲಿ ಮಾತಾಗುತ್ತದೆ. ಖಾನಾವಳಿಯವರು ರೋಗದ ಕೈಯ ರೊಟ್ಟಿ ಅನ್ನುತ್ತಾರೆ. ಯಾವುದೋ ದವಾಖಾನೆಯಲ್ಲಿ ಮೊಲೆ ಕತ್ತರಿಸಿ ಎಸೆಯುತ್ತಾರೆ. ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ಮಾತ್ರ ದಿನಾ ಬೆಳಗ್ಗೆ ಬಿಜಲಿಯ ಮೈಮೇಲೆ ನೋಡುತ್ತಿದ್ದಳು.

ಎರಡನೆಯ ಸಲ ಯಾದಗಿರಿಗೆ ಹೋದಾಗ ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದಳು. ಎದೆಗೂಡಿನೊಳಗೆ ಹತ್ತಿ ಕಾಯಿ ಒಡೆದಂತೆ ಅಲ್ಲಲ್ಲಿ ಬಿಳಿ ಚುಕ್ಕೆ.

"ಕ್ಯಾನ್ಸರ್ ಹೌದ್ರಿ. ಪುಪ್ಪುಸಕ್ಕ ಹೋಗ್ಯಾದ. ನಿಮ್ಮ ಮುಂದ ಮೂರು ಹಾದಿ ಅವ. ಹೊರಗಿನ ಗಂಟು ಕೊಯ್ದು ತೆಗೀಬಹುದು, ವಾಸನಿ, ಕೀವು ಕಡಿಮಿ ಆಗ್ತದ. ಆದ್ರ ಇಂಥ ಪುಪ್ಪುಸ ಇದ್ದಾಗ ಮತ್ತು ಬರೋ ಔಷಧ ಕೊಟ್ರ ಏಳ್ತಾಳ ಅಂತ ಗ್ಯಾರಂಟಿ ಇಲ್ಲ, ಒಳಗಿಂದು ಹಂಗೇ ಇರ್ತದ. ಹೈದರಾಬಾದಿಗಿ ಹೋಗಿ ಇಂಜೆಕ್ಷನ್ ಹಾಕಿಸಬಹುದು. ದಿನ ಒಂದೀಟು ಮುಂದ ಹೋಗಬಹುದು, ಹೋಗ್ಲಿಕ್ಕಿಲ್ಲ. ಇಲ್ಲಂದ್ರ ನೋವಿನ ಗುಳಿಗಿ ಕೊಟ್ಟು ಮನ್ಯಾಗ ಆರಾಮ ಇಡೋದು. ಊಟ ಬಿಟ್ಟಾಗ, ಉಸಿರಿಗಿ ತಕಲೀಫ್ ಆದಾಗ ಇಲ್ಲಿಗಿ ತರ್ರಿ. ಮಲಗಿಸಿಬಿಡೋಣು."

"ಮಲಗ್ಸೋದು ಅಂದ್ರ ಕೊಲ್ಲೋದೇನ್ರಿ?"

"ಹೌದ್ರಿ."

ಮರಿಲಿಂಗಪ್ಪನ ಮುಖ ಕಪ್ಪಿಟ್ಟಿತು. "ಆಗಂಗಿಲ್ಲ. ಕೊಯ್ರಿ ಮೇಡಂ. ಅದೂ ಕೊಯ್ರಿ, ಹೈದರಾಬಾದಿಗೂ ಒಯ್ತೀನಿ. ಸುಮ್ನ ಮನ್ಯಾಗ ಇಟ್ರ ಕೈ ಬಿಟ್ಟಂಗ ಆಗ್ತದ."

ಅವನು ನಿಂತಲ್ಲೇ ಒದ್ದಾಡುತ್ತಿದ್ದ. ಬಾಗಿಲ ತನಕ ಹೋಗಿ ತಿರುಗಿ ಬಂದ. ಲಾಲಮ್ಮ ಅಷ್ಟೂ ಹೊತ್ತು ಬಿಳಿ ಚುಕ್ಕೆಗಳನ್ನೇ ನೋಡುತ್ತಿದ್ದಳು.

"ಮೇಡಂರಿ," ಅಂದಳು. "ಸಣ್ಣದಿದ್ದಾಗ, ಅಲಸಂದಿ ಕಾಳಿನಷ್ಟ ಇದ್ದಾಗ ತಂದಿದ್ರ ಉಳೀತಿತ್ತೇನ್ರಿ?"

"ಪಕ್ಕಾ ಹೇಳಾಕ ಬರಂಗಿಲ್ಲರಿ. ಆದ್ರ ಕೊಯ್ದು ತೆಗೆದಿದ್ರ ಉಳಿಯೋ ದಾರಿ ಇತ್ತು."

"ಈಗ ಲಿಂಬಿಕಾಯಿ ಆಗಿದ್ರ?"

"ಎಲ್ಲೆಲ್ಲಿ ಹೋಗ್ಯಾದ ನೋಡಿ ಹೇಳಬೇಕು."

"ಹಂಗಾದ್ರ ನೋಡ್ರಿ," ಅಂದು ಲಾಲಮ್ಮ ಸೆರಗು ಸರಿಸಿದಳು.

ಡಾಕ್ಟರ್ ಬೆಚ್ಚಿ, "ಅಕ್ಕಾರ, ನಾ ನಾಯಿ ಡಾಕ್ಟರ್ರಿ," ಅಂದಳು. ಮರಿಲಿಂಗಪ್ಪ ನಾಚಿ ಹೊರಗೆ ಹೊರಟ.

"ನೀವ ನಿಂದರ್ರಿ," ಅಂದಳು ಅವನಿಗೆ. ಅವಳ ದನಿ ಏರಿರಲಿಲ್ಲ. "ನೀವೂ ನೋಡ್ರಿ." ಆಮೇಲೆ ಡಾಕ್ಟರಿಗೆ, "ಗೊತ್ತದ್ರಿ ಮೇಡಂ, ನೀವು ನಾಯಿ ಡಾಕ್ಟರ್. ಬಿಜಲಿಗಿ ಮುಟ್ಟಿ ನೋಡಿ ಹೇಳಿದ್ರಿ. ನನಗ ಯಾರೂ ಮುಟ್ಟಿ ನೋಡಿಲ್ರಿ."

ಬಿಡಿಸಿದ ಕುಪ್ಪಸದ ಕೆಳಗೆ ಗಂಟು, ಗಂಟಿನ ಮೇಲೆ ಮೂರು ಸುಟ್ಟ ಕಲೆ. ಮೇಜಿನ ಮೇಲೆ ಮಲಗಿದ್ದ ನಾಯಿಯ ಮೈಮೇಲೆ ಹನುಮಮ್ಮನ ಅದೇ ಕೈ ಹಾಕಿದ, ಅದೇ ಕಲೆ. ಮರಿಲಿಂಗಪ್ಪ ಒಮ್ಮೆ ಇದನ್ನು ನೋಡಿದ, ಒಮ್ಮೆ ಅದನ್ನು ನೋಡಿದ. ನಾಯಿಯ ಬೆನ್ನ ಮೇಲಿದ್ದ ಅವನ ಕೈ ಅಲ್ಲೇ ಇತ್ತು, ತೆಗೆಯಬೇಕೆಂದು ತೋಚಲಿಲ್ಲ.

"ಯಾವಾಗಿಂದದ?" ಅಂದ.

"ಬಿಜಲಿ ಗಂಟಿಗಿಂತ ಮೊದಲಿಂದ."

"ನನಗ್ಯಾಕ ಹೇಳ್ಲಿಲ್ಲ ನೀ?"

"ಬಿಜಲಿ ಹೇಳಿದ್ಲೇನ್ರಿ ನಿಮಗ? ದಿನಾ ಕುಂತು ಬೆರಳಿಲೆ ಅಳದ್ರಿ. ಅದಕ್ಕ ಹೇಳಾಕ ಬರಂಗಿಲ್ಲ ಅಂತ ನೀವ ತಿಳ್ಕೊಂಡ್ರಿ. ನನಗ ನೀವು ಬಾಯಿಬಿಟ್ಟು ಕೇಳಬಹುದಿತ್ತಲ್ರಿ."

ಒಳ್ಳೆಯವನೆಂದು ಹೆಸರಾದ ಮನುಷ್ಯ ಈಗ ನಾಯಿಯ ಬೆನ್ನ ಮೇಲಿಂದ ಕೈ ತೆಗೆದ. ಅವಳ ಮಾತಿಗೆ ಉತ್ತರ ನಿಮ್ಮ ಬಳಿ ಇದ್ದರೆ ಹೇಳಿ.

ಡಾಕ್ಟರ್ ಕೈಗವಸು ಕಳಚಿ ಕೈ ತೊಳೆದುಕೊಂಡಳು. ಗಂಟನ್ನು ಮುಟ್ಟಲಿಲ್ಲ. ಲಾಲಮ್ಮನ ಸೆರಗನ್ನು ತಾನೇ ಹೆಗಲಿಗೆ ಏರಿಸಿ ಸರಿಮಾಡಿದಳು.

"ನಾ ಇದಕ್ಕ ಹೆಸರು ಹೇಳೋ ಹಂಗಿಲ್ರಿ ಅಕ್ಕಾರ. ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ. ಆದ್ರ ನಾಳಿ ಅನ್ನೋ ಹಂಗೂ ಇಲ್ಲ. ಬರ್ರಿ, ಈಗ ಹೋಗೋಣು."

ಬಾಗಿಲ ಶಟರ್ ಎಳೆದು, ಅದೇ ಟಂಟಂನಲ್ಲಿ ಅವರ ಜತೆ ಕೂತಳು. ಸೀಟಿನ ಮೇಲೆ ಬಿಜಲಿ ಇದ್ದಳು. ಅವಳ ಹಿಂದೆ ಲಾಲಮ್ಮ. ಯಾದಗಿರಿಯ ಸರಕಾರಿ ದವಾಖಾನೆಯ ಹೆಣ್ಣು ಡಾಕ್ಟರ್ ಲಾಲಮ್ಮನನ್ನು ನೋಡಿ, ಒಂದೂ ಹೆಚ್ಚಿನ ಮಾತಾಡದೆ ಕಲಬುರಗಿಯ ದೊಡ್ಡ ದವಾಖಾನೆಗೆ ಬರೆದುಕೊಟ್ಟಳು. ಹೊರಗೆ ಬೇವಿನ ಮರದ ಕೆಳಗೆ ಲಾಲಮ್ಮ ಬಿಜಲಿಗೆ ನೀರು ಕುಡಿಸುತ್ತ, ಆ ಮೊದಲಿನ ಮಾತನ್ನು ಎತ್ತಿದಳು.

"ಬಿಜಲಿಗಿ ಕೊಯ್ಯೋದು ಬ್ಯಾಡ್ರಿ. ಗುಳಿಗಿ ಕೊಡೋಣು. ಹೊತ್ತು ಬಂದಾಗ ಮೇಡಂ ಹತ್ರ ತರೋಣು. ಆಕಿಗಿ ಚುಟಿಗಿ ಹಾಕ್ಸಿದಾಕಿ ನಾ. ನಂದು ಕರಗ್ತದೋ ಇಲ್ಲೋ ನೋಡಾಕ ಹಾಕ್ಸೀನಿ. ಇನ್ನ ಆಕಿ ಮೈಮ್ಯಾಲ ಏನೂ ಪ್ರಯೋಗ ಬ್ಯಾಡ."

ಮರಿಲಿಂಗಪ್ಪ ಬಿಜಲಿಯ ಬಾಯಿಂದ ಸೋರಿದ ನೀರು ಒರೆಸಿದ. "ಆತು," ಅಂದ. ಆಮೇಲೆ, ಲಗ್ನವಾದಂದಿನಿಂದ ಕೇಳದೇ ಇದ್ದದ್ದನ್ನು, ನಾಲಿಗೆ ತಡವರಿಸುತ್ತ ಕೇಳಿದ. "ನಿನಗ... ನೋಯ್ತದೇನು?"

"ರೊಟ್ಟಿ ಬಡಿವಾಗ ನೋಯ್ತದ್ರಿ," ಅಂದಳು.

ಬಿಜಲಿ ಮನೆಯಲ್ಲೇ ಇದ್ದಳು. ಗುಳಿಗೆ ತಿಂದ ಮೇಲೆ ಕೆಲವು ದಿನ ಸೀಟಿನ ಮೇಲೆ ಕೂತು ಸುರಪುರಕ್ಕೂ ಹೋಗಿ ಬಂದಳು. ಪ್ಯಾಸೆಂಜರ್‌ಗಳು ಮೂಗು ಮುಚ್ಚಿಕೊಂಡರೂ ಸೀಟು ಕೇಳಲಿಲ್ಲ. ಒಂದು ಬೆಳಗ್ಗೆ ಕಡೀ ರೊಟ್ಟಿಯ ಕಡೆ ಮುಖ ತಿರುಗಿಸಿದಳು. ಹಾಲಲ್ಲಿ ನೆನೆಸಿ ಕೊಟ್ಟರೂ ತಿರುಗಿಸಿದಳು. ಗಂಡ ಹೆಂಡತಿ ಇಬ್ಬರೂ ಅವಳನ್ನು ಎತ್ತಿಕೊಂಡು ಭೀಮಾ ದಾಟಿ ಡಾಕ್ಟರ್ ಸುಮಂಗಲಾಳ ಹತ್ತಿರ ಹೋದರು. ಮಲಗಿಸುವ ಸೂಜಿ ಚುಚ್ಚುವಾಗ ಮರಿಲಿಂಗಪ್ಪ ಅವಳ ಬಾಯಿ ಹಿಡಿಯಲಿಲ್ಲ, ತಲೆಯನ್ನು ಅಂಗೈಯಲ್ಲಿ ಹಿಡಿದಿದ್ದ.

ಅಷ್ಟು ಹೊತ್ತಿಗೆ ಲಾಲಮ್ಮನ ತಪಾಸಣೆಯೂ ಮುಗಿದಿತ್ತು. ಅವಳದೂ ಕ್ಯಾನ್ಸರೇ. ಬಗಲಿಗೆ ಬಂದಿದೆ, ಎದೆಯ ಒಳಗೆ ಚುಕ್ಕೆ ಕಾಣಲಿಲ್ಲ. ಮೊದಲು ಇಂಜೆಕ್ಷನ್, ಆಮೇಲೆ ಆಪರೇಷನ್, ಮೊಲೆ ತೆಗೆಯಬೇಕಾಗುತ್ತದೆ ಎಂದು ಕಲಬುರಗಿಯಲ್ಲಿ ಹೇಳಿದರು. ಹೇಳಿದ್ದು ಮರಿಲಿಂಗಪ್ಪನಿಗೆ, ಅವನ ಮುಖ ನೋಡಿ.

"ಏನ್ ಮಾಡೋಣ್ರಿ ಯಜಮಾನ್ರ?"

ಪಕ್ಕದ ಸ್ಟೂಲಿನ ಮೇಲೆ ರೋಗಿ ಕೂತಿದ್ದಳು, ಎಚ್ಚರವಾಗಿದ್ದಳು, ಕಿವಿ ಕೇಳುತ್ತಿದ್ದವು.

"ನನಗ ಯಾಕ ಕೇಳ್ತೀರಿ? ಆಕಿಗಿ ಕೇಳ್ರಿ. ಮೈ ಆಕಿದದ," ಅಂದ ಮರಿಲಿಂಗಪ್ಪ.

ಅವರು ಅವಳ ಕಡೆ ತಿರುಗಿದರು. ಲಾಲಮ್ಮ ತನ್ನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ಕ್ಷಣ ನೋಡಿದಳು.

"ಕೊಯ್ರಿ," ಅಂದಳು. "ಮುಂದ ರೊಟ್ಟಿ ಬಡಿಯಾಕ ಬರ್ತದೋ ಇಲ್ಲೋ, ಅದನ್ನಷ್ಟು ಖರೇ ಹೇಳ್ರಿ."

ಲಾಲಮ್ಮನ ಇಂಜೆಕ್ಷನ್ನುಗಳು ಇನ್ನೂ ನಡೆದಿವೆ. ತಲೆಗೂದಲು ಉದುರಿದೆ, ಮನೆಯಲ್ಲಿ ಟಪಟಪ ಸದ್ದಿಲ್ಲ. ಮರಿಲಿಂಗಪ್ಪ ಹಿಟ್ಟಿನ ಪರಾತದ ಮುಂದೆ ಕೂತು ಗ್ವಾಡಿಯಂಥ ರೊಟ್ಟಿ ಬಡಿಯುತ್ತಾನೆ, ಅವಳು ಮಲಗಿದಲ್ಲಿಂದಲೇ ಬೈಯುತ್ತಾಳೆ. ಅವಳು ಉಳಿಯುತ್ತಾಳೋ ಎಂದು ಕೇಳಬೇಡಿ. ಲಾಲಮ್ಮನ ಬಗ್ಗೆ ಮರುಗಿ, ಪುಟ ತಿರುವಿ, ಚಹಾಕ್ಕೆ ಕೂಗುವ ಹಕ್ಕು ನಿಮಗಿಲ್ಲ. ಚಹಾ ತರುವವಳು ಒಳಗಿದ್ದಾಳೆ. ಅವಳ ಮೊಣಕೈ ಯಾಕೆ ಮೈಗೆ ಒತ್ತಿಕೊಂಡಿದೆ, ಅವಳು ಯಾಕೆ ಎಡಗೈಯಲ್ಲಿ ಕೊಡ ಎತ್ತುತ್ತಿದ್ದಾಳೆ, ನಿಮಗೆ ಗೊತ್ತೇ? ಈ ಹಾಳೆಯನ್ನು ಈಗ ಕೆಳಗಿಡಿ. ಎದ್ದು ಒಳಗೆ ಹೋಗಿ, ಅವಳ ಹತ್ತಿರ ನೆಲದ ಮೇಲೆ ಕೂರಿ. ಮೈಯಲ್ಲಿ ಎಲ್ಲಾದರೂ ಗಂಟಿದೆಯೇ ಎಂದು ಬಾಯಿಬಿಟ್ಟು ಕೇಳಿ. ಏನಿಲ್ಲ ಅನ್ನುತ್ತಾಳೆ. ಏಳಬೇಡಿ. ಇನ್ನೊಮ್ಮೆ ಕೇಳಿ.